‘ನಾನು’ ಅನ್ನುವ ಪಾಠ

ನಾಯಕತ್ವ ಕಲಿಸುವ ಕೆಲಸ ನನಗೆ ಗಂಟುಬಿದ್ದದ್ದು ಶನಿವಾರ ಮಧ್ಯಾಹ್ನದ ಪಿರಿಯಡ್ಡು ಬೇರೆ ಯಾರಿಗೂ ಬೇಡವಾಗಿದ್ದರಿಂದ. “ರಂಜನಾ ಮೇಡಂಗೆ ಏನೈತಿ, ಒಬ್ಬಾಕಿ” ಎಂದು ನಮ್ಮ ಇಂಜಿನಿಯರಿಂಗ್ ಕಾಲೇಜಿನವರು ತೀರ್ಮಾನಿಸಿದರು. ನಿಜವೇ. ನಲವತ್ತೆರಡು ವರ್ಷ, ಶಿಗ್ಗಾವಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದೇ ತಟ್ಟೆ. ನಾನು “ನನ್ನ ಮನಿ” ಎಂದಾಗಲೆಲ್ಲ ಮನೆಯೊಡತಿ ಹೊಳೆವ್ವ ನಗುತ್ತಾಳೆ. “ನಮ್ಮ ಮನಿ ಅನ್ರಿ ಮೇಡಂ. ನನ್ನ ಮನಿ ಅಂತ ಯಾರರ ಅಂತಾರೇನ್ರಿ?” ಯಾರನ್ನು ಸೇರಿಸಿಕೊಂಡು ‘ನಮ್ಮ’ ಅನ್ನಲಿ, ಗೋಡೆಯನ್ನೇ?

ಆ ಸಿಟ್ಟನ್ನೆಲ್ಲ ಶಿವಯೋಗಿಯ ಮೇಲೆ ತೀರಿಸಿಕೊಂಡೆ ಅಂತ ಈಗ ಅನ್ನಿಸುತ್ತದೆ. ತಿಳವಳ್ಳಿಯ ಹುಡುಗ, ಕೊನೆಯ ವರ್ಷದವನು. ಶ್ವೇತಾ, ಚನ್ನೇಶ, ರಫೀಕ ಮತ್ತು ಅವನು ಸೇರಿ ಗೋವಿನಜೋಳ ಬಿತ್ತುವ, ಮೋಟರಿನ ಒಂದು ಕೈಗಾಡಿ ಮಾಡಿದ್ದರು. ಅದೇ ಹೊತ್ತಿಗೆ ಧಾರವಾಡದ ಸಂಸ್ಥೆಯೊಂದು, ಒಬ್ಬ ಯುವ ನಾಯಕನಿಗೆ ಒಂದು ವರ್ಷದ ತರಬೇತಿ ಕೊಡುತ್ತೇವೆ ಎಂದಿತು. ಮೊದಲು ಭಾಷಣ, ಆಮೇಲೆ ಹೊಲದಲ್ಲಿ ಪರೀಕ್ಷೆ. ಮಾತು ಬಲ್ಲವನೆಂದು ಉಳಿದ ಮೂವರೇ ಶಿವಯೋಗಿಯನ್ನು ಮುಂದೆ ನೂಕಿದರು.

ತಾಲೀಮಿನಲ್ಲಿ ಅವನು “ಈ ಗಾಡಿ ನಾವು ಮಾಡೇವ್ರಿ” ಎಂದು ಶುರುಮಾಡಿದ.

“ನಾವು ಅಂದ್ರ ಯಾರು, ಊರ ಮಂದೀನ? ನಾನು ಅನ್ನು.”

“ನಾಚಿಕಿ ಬರ್ತೈತ್ರಿ ಮೇಡಂ. ವೈರಿಂಗ್ ಎಲ್ಲಾ ಶ್ವೇತಾಂದು.”

“ನಾಯಕ ಆಗ್ತಿಯೋ, ಇಲ್ಲಾ ಭಜನಿಯೊಳಗ ಹಿಂದ ಕುಂತು ತಾಳ ಬಡೀತಿಯೋ?”

ಹತ್ತು ಸಲ ಅವನ ಬಾಯಿಂದ ‘ನಾನು’ ಅನ್ನಿಸಿದೆ. ಭಾಷಣದ ದಿನ ಅವನು ಒಮ್ಮೆಯೂ ತಪ್ಪದೆ ‘ನಾನು’ ಅಂದ. ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು, ನಾನೂ ಉಬ್ಬಿ ತಟ್ಟಿದೆ. ಹಿಂದಿನ ಸಾಲಿನಿಂದ ಶ್ವೇತಾ ಎದ್ದು ಹೋದಳು. ಚನ್ನೇಶ, ರಫೀಕ ಅವಳ ಹಿಂದೆ ಹೋದರು.

ಜಗಳವಾಡುತ್ತಾರೆ, ಸರಿಹೋಗುತ್ತದೆ ಅಂದುಕೊಂಡೆ. ಈ ನಾಲ್ವರ ನಡುವೆ ದಿನವಿಡೀ ‘ಲೇ’, ‘ಮಂಗ್ಯಾ’, ‘ನಿನ್ನ ಹೆಣಾ ಎತ್ತ’ ಬಿಟ್ಟು ಬೇರೆ ಭಾಷೆಯೇ ಇರಲಿಲ್ಲ. ಸೋಮವಾರ ಶಿವಯೋಗಿ ವರ್ಕ್‌ಶಾಪಿಗೆ ಬಂದ. ಶ್ವೇತಾ ಎದ್ದು ಸ್ಟೂಲು ಒರೆಸಿದಳು.

“ಬರ್ರಿ, ಕುಂದರ್ರಿ.”

ತಮಾಷೆಯೆಂದು ಅವನು ನಕ್ಕ. ಉಳಿದವರು ನಗಲಿಲ್ಲ.

ನಾನು ಶ್ವೇತಾಳನ್ನು ಹೊರಗೆ ಕರೆದೆ. “ತಪ್ಪು ನಂದವ್ವ. ನಾನ ಅವಂಗ ಹಂಗ ಅನ್ಸೀನಿ. ಅವನ್ನ ಚಂದಂಗ ಬೈದ ಬಿಡು, ಮುಗೀತು.”

“ತಪ್ಪೇನೈತ್ರಿ ಮೇಡಂ? ಅವರು ದೊಡ್ಡವರಾಗ್ಯಾರ. ದೊಡ್ಡವರಿಗೆ ಲೇ ಅನ್ನಾಕ ಬರ್ತೈತೇನ್ರಿ?”

ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮರುದಿನ ಮತ್ತೆ ಹೋಗಿ ಹೇಳಿದೆ. “ಆತ್ರಿ ಮೇಡಂ” ಅಂದಳು, ಅಷ್ಟೆ.

ಹೊಲದ ಪರೀಕ್ಷೆ ತಿಳವಳ್ಳಿಯಲ್ಲಿತ್ತು. ಮೂವರೂ ಬರುವುದಿಲ್ಲವೆಂದು ಹೆದರಿದ್ದೆ. ಹೊತ್ತಿಗೆ ಮುಂಚೆಯೇ ಬಂದಿದ್ದರು. ರಫೀಕ ಬೀಜ ತುಂಬಿದ, ಚನ್ನೇಶ ಗಾಲಿ ಬಿಗಿದ, ಶ್ವೇತಾ ತಂತಿ ನೋಡಿದಳು. ಒಂದೊಂದಕ್ಕೂ ಶಿವಯೋಗಿಯ ಅಪ್ಪಣೆ ಕೇಳಿದರು.

“ಮೋಟರ್ ಚಾಲೂ ಮಾಡ್ಲೇನ್ರಿ ಸರ?”

ಅವನು ಹೂಂ ಎಂದು ತಲೆಯಾಡಿಸಿದ. ಗಾಡಿ ದಾರ ಹಿಡಿದ ಹಾಗೆ ನೆಟ್ಟಗೆ ಓಡಿತು, ಬೀಜ ಗೇಣಿಗೊಂದರಂತೆ ಬಿತ್ತು. ಪರೀಕ್ಷಕರಿಗೆ ಗಾಡಿಗಿಂತ ಹುಡುಗರ ಶಿಸ್ತು ಹಿಡಿಸಿತು. “ನಾಯಕ ಅಂದ್ರ ಹಿಂಗಿರಬೇಕು. ಚಲೋ ಕಲಿಸೀರಿ ಮೇಡಂ” ಎಂದು ನನ್ನ ಕೈ ಕುಲುಕಿದರು. ಅಲ್ಲೇ ಅವನ ಹೆಸರು ಬರೆದು ತರಬೇತಿಯ ಆಯ್ಕೆ ಪತ್ರ ಕೊಟ್ಟರು.

ಮೂವರೂ ಗಾಡಿಯನ್ನು ಟೆಂಪೊಗೆ ಏರಿಸಿದರು. “ಬರ್ತೇವ್ರಿ ಸರ” ಎಂದು ಅವನಿಗೆ ಕೈ ಮುಗಿದು ಹತ್ತಿಕೊಂಡರು. ಶಿವಯೋಗಿ ಬದುವಿನ ಮೇಲೆ ಪತ್ರ ಹಿಡಿದು ನಿಂತೇ ಇದ್ದ. ಹತ್ತಿರ ಹೋದೆ. ಅವನು ನನ್ನ ಮುಖ ನೋಡಲಿಲ್ಲ.

“ಮೇಡಂ, ನೀವು ಹೇಳಿದ್ರ ಶ್ವೇತಾ ಕೇಳ್ತಾಳ. ಒಂದ ಸಲ ನನಗ ಬೈ ಅಂತ ಹೇಳ್ರಿ.”

“ಹೇಳ್ತೇನಿ” ಅಂದೆ. ಎರಡು ಸಲ ಹೇಳಿಯಾಗಿದೆ ಎಂದು ಅವನಿಗೆ ತಿಳಿಸಲಿಲ್ಲ.