ಸೋಮಾರಿ ಹೊಳೆ ಎಲ್ಲಿಂದ ಶುರು

“ನಿನ್ ತಂಗಿ ಹೇಳಿದ ಹೆಸರೇ ನಕ್ಷೆ ಮೇಲೆ ಬರುತ್ತಂತೆ ಕಣೇ, ನಮ್ಮ ಹೊಳೆಗೆ. ‘ಸೋಮಾರಿ ಹೊಳೆ’ ಅಂತ.”

ಇಸ್ತ್ರಿಯವಳು ಇಷ್ಟು ಹೇಳಿ ಏನೂ ಆಗದವಳಂತೆ ಅಂಗಿಯ ಕಾಲರ್ ಒತ್ತತೊಡಗಿದಳು. ಅದೇ ಅಂಗಡಿಯ ಇನ್ನರ್ಧದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿ ಅಕ್ಕನ ಕಾಲು ಗಕ್ಕನೆ ನಿಂತಿತು. ಆಮೇಲೆ ಅವಳು ಹೊಲಿದ ತೋಳು ಒಳಮೈ ಹೊರಗಾಗಿ ಕೂತಿತ್ತು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಹಾಗೇ ಆಯಿತು.

ಹೋದ ವಾರ ಊರಿನ ನಕ್ಷೆ ಬರೆಯಲು ಬಂದವನು ಈ ಅಂಗಡಿಗೂ ಬಂದಿದ್ದ. ಹೊಳೆಗೆ ಏನಂತ ಕರೀತೀರಿ ಎಂದು ಕೇಳಿದ್ದ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಕ್ಕ, “ಹೊಳೆಗೆ ಹೊಳೆ ಅಂತೀವಪ್ಪ, ಇನ್ನೇನಂತಾರೆ?” ಅಂದಿದ್ದಳು. ಸುತ್ತಮುತ್ತ ಇರುವುದೇ ಒಂದು ಹೊಳೆ. ಅದನ್ನು ಹೆಸರು ಹಿಡಿದು ಕರೆಯುವ ದರ್ದು ಯಾರಿಗಿತ್ತು? ಅವನು ತಲೆಯಾಡಿಸಿ ನೆಟ್ಟಗೆ ತಂಗಿಯ ಮನೆಗೆ ಹೋಗಿದ್ದಾನೆ. ಆ ಮಾತಿನಮಲ್ಲಿ ಬಿಡುತ್ತಾಳೆಯೇ?

ಸೋಮಾರಿ ಎಂಬ ಹೆಸರು ಇಟ್ಟವಳು ಅಕ್ಕ. ಅಮ್ಮನ ಮನೆಯ ಹಿಂದೆ ಹೊಳೆ ದೊಡ್ಡ ತಿರುವಿನಲ್ಲಿ ಬಳಸಿಕೊಂಡು, ಹೋಗಲೋ ಬೇಡವೋ ಎಂಬಂತೆ ಹರಿಯುತ್ತದೆ. ಚಿಕ್ಕವಳಿದ್ದಾಗ ಅಕ್ಕ ತಿರುವಿನ ಈಚೆ ಎಲೆ ಬಿಟ್ಟು, ಗದ್ದೆ ಅಡ್ಡ ಹಾಯ್ದು ಆಚೆ ಹೋಗಿ ಕೂರುತ್ತಿದ್ದಳು. ಎಲೆ ಬರುವಷ್ಟರಲ್ಲಿ ತೂಕಡಿಕೆ ಬರುತ್ತಿತ್ತು. “ಸೋಮಾರಿ ಮುಂಡೇದು” ಎಂದು ಬೈದದ್ದೇ ಹೆಸರಾಯಿತು. ತಂಗಿ ಆಗ ಸೊಂಟದ ಮೇಲಿನ ಕೂಸು. ಗುಂಗುರು ಕೂದಲು ಅವಳಿಗೆ, ಅಪ್ಪನ ಮುದ್ದು ಅವಳಿಗೆ, ಈಗ ಹೊಳೆಯೂ ಅವಳಿಗೇ.

ಅಕ್ಕ ಅಂಗಡಿಯನ್ನು ಇಸ್ತ್ರಿಯವಳಿಗೆ ಒಪ್ಪಿಸಿ ಹೊರಟಳು. ತಂಗಿಯ ಮನೆ ಮೇಲ್ದಂಡೆಯಲ್ಲಿ, ಗುಡ್ಡದಿಂದ ಬರುವ ಕವಲಿನ ಪಕ್ಕ. ಅದರ ಕೆಳಗೆ ಜೌಗಿನ ಕಡೆಯ ಇನ್ನೊಂದು ಕವಲು ಬಂದು ಕೂಡುತ್ತದೆ. ತಂಗಿ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅಕ್ಕನ ಮುಖ ನೋಡಿಯೇ ಅವಳಿಗೆ ವಿಷಯ ತಿಳಿಯಿತು.

“ಅದು ನಾನಿಟ್ಟ ಹೆಸರು,” ಅಂದಳು ಅಕ್ಕ.

“ನೀನೇ ಇಟ್ಟಿದ್ದು. ನಕ್ಷೆಯವರಿಗೂ ಹಾಗೇ ಹೇಳಿದೆ. ಆದ್ರೆ ಅಕ್ಕಾ, ಬಾಯ್ತುಂಬ ಕರೆದೋರು ಯಾರು? ನನ್ ಮಕ್ಕಳು ಇವತ್ತಿಗೂ ಸೋಮಾರಿಗೆ ಹೋಗ್ತೀವಿ ಅಂತಾನೇ ಅನ್ನೋದು. ನಿನ್ನ ಕೇಳಿದ್ರೆ ಹೊಳೆ ಅಂದ್ಯಂತೆ.”

ಅಕ್ಕನ ಹೊಟ್ಟೆಕಿಚ್ಚು ಆರಲಿಲ್ಲ. ತಪ್ಪೇನಾದರೂ ಸಿಕ್ಕೀತೆ ಎಂದು ನಕ್ಷೆಯವನಿಗೆ ಏನೇನು ತೋರಿಸಿದೆ ಎಂದು ವಿಚಾರಿಸಿದಳು. ತಂಗಿ ಹಿತ್ತಿಲ ನೀರಿನತ್ತ ಕೈ ಮಾಡಿ, ಸೋಮಾರಿ ಇಲ್ಲಿಂದಲೇ ಶುರು ಎಂದು ಬರೆಸಿದ್ದಾಗಿ ಹೇಳಿದಳು. ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಆ ನೀರು ಕಿವಿ ಕಿವುಡಾಗುವಂತೆ ಸದ್ದು ಮಾಡುತ್ತಿತ್ತು.

“ಇದು ಸೋಮಾರಿನಾ? ಕಣ್ಣಿದ್ಯಾ ನಿಂಗೆ?” ಅಕ್ಕನಿಗೆ ಒಮ್ಮೆಲೇ ಜೀವ ಬಂದಂತಾಯಿತು. “ಎರಡೂ ಕವಲು ಕೂಡಿದ್ ಮೇಲೇನೇ ಅದು ಸೋಮಾರಿ. ನಿನ್ ಹಿತ್ಲಿಗೆ ಅಂತ ಎಳ್ಕೊಂಡು ಬಂದ್ಯಾ?”

ತಂಗಿ ಪಾತ್ರೆಯಿಂದ ತಲೆ ಎತ್ತಲಿಲ್ಲ. “ನನ್ ಮನೆ ಹತ್ರಾನೂ ಹೆಸರಿರ್ಲಿ ಅನ್ನಿಸ್ತು,” ಅಂದಳು ಸಣ್ಣಗೆ. “ಅಮ್ಮನ ಮನೇಲಿ ನೀನಿದೀಯಾ. ತಿರುವೂ ನಿಂದೇ. ನಂಗೇನಿದೆ ಇಲ್ಲಿ, ಬರೀ ಕಲ್ಲು.”

ತನ್ನ ಪಾಲಿನದನ್ನು ನೋಡಿ ಇವಳೂ ಕರುಬುತ್ತಾಳೆಂದು ಅಕ್ಕನಿಗೆ ಇವತ್ತೇ ಗೊತ್ತಾದದ್ದು. ಒಳಗೊಳಗೇ ಖುಷಿಯಾಯಿತು. ಆದರೂ ಬಿಟ್ಟುಕೊಡಲಿಲ್ಲ. ತಂಗಿಯಿಂದಲೇ ನಂಬರ್ ಈಸಿಕೊಂಡು ಅಲ್ಲಿಂದಲೇ ನಕ್ಷೆಯವನಿಗೆ ಫೋನ್ ಹಚ್ಚಿದಳು. ಅವನು ಎಲ್ಲ ಕೇಳಿ, ನಕ್ಷೆ ಅಚ್ಚಿಗೆ ಇನ್ನೂ ಹೋಗಿಲ್ಲ, ಹೆಸರು ಎಲ್ಲಿಂದ ಶುರುವೆಂದು ನಿಂತು ತೋರಿಸಿದರೆ ತಿದ್ದಬಹುದು ಎಂದ.

“ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ,” ಅಂದಳು ಅಕ್ಕ, “ಎರಡು ಕವಲು ಕೂಡೋ ಜಾಗಕ್ಕೆ.”

“ನಾನೂ ಬರ್ತೀನಿ ಅಂತ ಹೇಳು,” ಅಂದಳು ತಂಗಿ.

ಅಕ್ಕ ಫೋನಿಗೆ, “ನನ್ ತಂಗೀನೂ ಬರ್ತಾಳೆ,” ಅಂದಳು.