ಎಂಜಲು ಟಬ್ಬು

ರುದ್ರಾಣಿಗೆ ಅಸಹ್ಯವಾಗದ ವಸ್ತು ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಹೋಟೆಲಿನ ಲೋಟ, ಬಸ್ಸಿನ ಕಂಬಿ, ಯಾರೋ ತಲೆಯಿಟ್ಟ ದಿಂಬು, ಕಂಡಕ್ಟರು ನಾಲಿಗೆಗೆ ಬೆರಳು ಸವರಿ ಕೊಟ್ಟ ನೋಟು, ಎಲ್ಲಕ್ಕೂ ಅವಳು ಮೂಗು ಮುರಿಯುವವಳೇ. ನಂಜನಗೂಡಿನ ಪೇಟೆ ಬೀದಿಯಲ್ಲಿ ಗಂಡ ಅಮೃತೇಶನದು ದಿನಸಿ ಅಂಗಡಿ. ಗಿರಾಕಿ ಬೆಲ್ಲದ ಅಚ್ಚು ಮುಟ್ಟಿ ನೋಡಿದರೆ ಸಾಕು, ಒಳಮನೆಯಿಂದಲೇ "ಮುಟ್ಟಬ್ಯಾಡಿ ಕಣ್ರೀ!" ಎಂದು ಕೂಗು ಬರುತ್ತಿತ್ತು. ಇಂಥವಳ ಹೊಟ್ಟೆಯಲ್ಲಿ ಶಿವರಂಜನಿ ಹುಟ್ಟಿದಳು. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ.

ಶಿವರಂಜನಿಯ ಅಂಗೈ ಅಂಗಾಲು ಸದಾ ಬೆವರುತ್ತಿದ್ದವು. ಚಳಿಗಾಲದಲ್ಲೂ ಅಷ್ಟೆ. ಬರೆಯುವಾಗ ಹಾಳೆಯ ಕೆಳಗೆ ಕರವಸ್ತ್ರ ಹಾಸಿಕೊಳ್ಳಬೇಕು, ನಡೆದರೆ ಚಪ್ಪಲಿ ಪಚಪಚ ಎನ್ನಬೇಕು. ಇದು ಕಾಯಿಲೆಯಲ್ಲ, ಕೆಲವರ ಮೈಯೇ ಹೀಗೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕ್ಲಾಸಿನ ಹುಡುಗಿಯರು ಮಾತ್ರ "ಥೂ, ಕಪ್ಪೆ ಕೈ" ಎಂದು ದೂರ ಸರಿಯುತ್ತಿದ್ದರು. ಮಗಳಿಗೆ ಹಾಗೆಂದವರ ಮೇಲೆ ರುದ್ರಾಣಿ ಜಗಳಕ್ಕೆ ಹೋಗಿ ಬಂದದ್ದೂ ಉಂಟು. ಆದರೆ ಆ ತಣ್ಣನೆಯ ಒದ್ದೆ ಕೈ ತಗುಲಿದರೆ ತನ್ನ ಮೈಯೂ ಅಸಹ್ಯದಿಂದ ಜುಮ್ಮೆನ್ನುತ್ತದೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೆತ್ತ ಬಾಯಲ್ಲಿ ಆಡುವ ಮಾತೇ ಅದು?

ಇಂಥ ಹುಡುಗಿ ಹೋಗಿ ಹೋಗಿ ಜಿಮ್ನಾಸ್ಟಿಕ್ಸ್ ಹಿಡಿದುಕೊಂಡಳು. ಬಸವಪ್ರಸಾದ್ ಎಂಬ ಕೋಚು ಟಿ. ನರಸೀಪುರದ ಒಂದು ಶಾಲೆಯ ಹಾಲಿನಲ್ಲಿ ಭಾನುವಾರ ಭಾನುವಾರ ಮಕ್ಕಳಿಗೆ ಕಲಿಸುತ್ತಿದ್ದರು. ರುದ್ರಾಣಿ ಮಗಳನ್ನು ಕರೆದುಕೊಂಡು, ಕಂಬಿ ಮುಟ್ಟದೆ ಬಸ್ಸಿನಲ್ಲಿ ಓಲಾಡುತ್ತಾ, ಅಲ್ಲಿಗೆ ಹೋಗಿ ಬರುತ್ತಿದ್ದಳು. ಈ ಸಲ ಅಲ್ಲಿಂದ ಇಬ್ಬರು ಹುಡುಗಿಯರನ್ನು ಮೈಸೂರಿನ ಪಂದ್ಯಕ್ಕೆ ಆರಿಸುವುದಾಗಿ ಕೋಚು ಹೇಳಿದ್ದೇ ತಡ, ತಾಯಿ ಮಗಳಿಬ್ಬರಿಗೂ ಅದೇ ಧ್ಯಾನವಾಯಿತು. ಕಪ್ಪೆ ಕೈ ಎಂದವರ ಬಾಯಿಗೆ ಬೀಗ ಬೀಳಬೇಕು ಎಂದು ರುದ್ರಾಣಿಗೆ. ಮಗಳಿಗೆ ಏನಿತ್ತೋ, ಅವಳು ಬಾಯಿ ಬಿಟ್ಟು ಹೇಳುವವಳಲ್ಲ.

ಆ ಹಾಲಿನ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು. ಅದರ ತುಂಬ ಬಿಳೀ ಚಾಕ್ ಪುಡಿ. ಕೈಕಾಲಿನ ಬೆವರು ಹೀರಿ ಹಿಡಿತ ಕೊಡುವ ಪುಡಿ ಅದು, ಎಲ್ಲ ಮಕ್ಕಳಿಗೂ ಸೇರಿ ಒಂದೇ. ರುದ್ರಾಣಿ ಮೊದಲ ದಿನ ಬಗ್ಗಿ ನೋಡಿ ಸೆರಗು ಬಾಯಿಗೊತ್ತಿಕೊಂಡಿದ್ದಳು. ಕೂದಲು, ಉಗುರಿನ ಚೂರು, ಕಂಬಿ ಹಿಡಿದು ಬೊಬ್ಬೆ ಎದ್ದು ಕಿತ್ತ ಅಂಗೈ ಸಿಪ್ಪೆ. ಕೈ ಒಣಗಿದ ಮಕ್ಕಳಿಗೆ ಪುಡಿ ಅಂಟುವುದಿಲ್ಲವಲ್ಲ, ಅವು ಅಂಗೈಗೆ ಥೂ ಎಂದು ಉಗಿದು, ಉಜ್ಜಿ, ಮತ್ತೆ ಅದೇ ಟಬ್ಬಿಗೆ ಕೈ ಹಾಕುತ್ತಿದ್ದವು. ಕಾಲನ್ನೂ ಅದರಲ್ಲೇ ಅದ್ದುತ್ತಿದ್ದವು.

ಎಲ್ಲರಿಗಿಂತ ಜೋರಾಗಿ ಉಗಿಯುತ್ತಿದ್ದವಳು ನರಸೀಪುರದವಳೇ ಆದ ಯಶೋಧರಾ. "ನಿಮ್ದು ಯಾವ ಕಡೆ, ಯಾವ ಜನ?" ಎಂದು ರುದ್ರಾಣಿ ಅವಳ ತಾಯಿಯನ್ನು ಒಮ್ಮೆ ಮಾತಿಗೆಳೆದಿದ್ದಳು. "ನಾವು ಬುದ್ಧನ್ನ ನಂಬಿರೋರು ಕಣಕ್ಕ" ಎಂದಿದ್ದರು ಆಕೆ, ನಗುನಗುತ್ತಲೇ. ರುದ್ರಾಣಿ ಮುಂದಕ್ಕೆ ಕೇಳಲಿಲ್ಲ, ಕೂತ ಬೆಂಚಿನಲ್ಲಿ ಒಂದು ಗೇಣು ಅತ್ತ ಸರಿದಳು. ಅಂದಿನಿಂದ ಟಬ್ಬು ಇನ್ನಷ್ಟು ಅಸಹ್ಯವಾಯಿತು. ಎಂಜಲು ಯಾರದಾದರೂ ಎಂಜಲೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು, ಆದರೆ ಅದು ಪೂರ್ತಿ ನಿಜವಲ್ಲ ಎಂದು ಅವಳಿಗೂ ಗೊತ್ತಿತ್ತು.

"ಆ ಎಂಜಲು ಟಬ್ಬಿಗೆ ನನ್ನ ಮಗಳು ಕೈ ಆಕಾಕಿಲ್ಲ ಸಾ" ಎಂದಳು ಕೋಚಿಗೆ.

"ಅವಳಿಗೇ ಅದು ಜಾಸ್ತಿ ಬೇಕಾಗಿರೋದು ರುದ್ರಾಣಕ್ಕ. ಬೆವರೋ ಕೈಗೆ ಇನ್ನೇನು ಹಚ್ತೀರಿ?"

"ಅದೆಲ್ಲ ನಾನ್ ನೋಡ್ಕತೀನಿ."

ನೋಡಿಕೊಂಡದ್ದು ಹೀಗೆ. ಪಟಿಕದ ನೀರಿನಲ್ಲಿ ಕೈಕಾಲು ಅದ್ದಿಸಿದಳು, ಚರ್ಮ ಬಿರಿಯಿತೇ ಹೊರತು ಬೆವರು ನಿಲ್ಲಲಿಲ್ಲ. ಕೊನೆಗೆ ದೇವರ ಗೂಡಿನಲ್ಲಿ ಮಠದಿಂದ ತಂದಿಟ್ಟ ವಿಭೂತಿ ಗಟ್ಟಿ ಕಣ್ಣಿಗೆ ಬಿತ್ತು. ಬೆಳ್ಳಗೆ, ನುಣ್ಣಗೆ, ಒಣಗಿಸುವ ಗುಣದ್ದು, ಶಿವನ ಪ್ರಸಾದ ಬೇರೆ. ಇದಕ್ಕಿಂತ ಶುದ್ಧವಾದ ಪುಡಿ ಎಲ್ಲಿ ಸಿಕ್ಕೀತು? ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಡಬ್ಬಿಗೆ ತುಂಬಿದಳು. ಕೈಯ ಸಮಸ್ಯೆ ಮುಗಿಯಿತು. ಕಾಲಿಗೆ? ವಿಭೂತಿ ಹಣೆಗೆ ಹಚ್ಚುವಂಥದ್ದು, ಕಾಲಿಗೆ ಸೋಕಿದರೆ ಪಾಪ. ಹಾಗಾಗಿ ಕಾಲಿಗೆಂದು ಮುಖಕ್ಕೆ ಹಚ್ಚುವ ಪೌಡರಿನ ಡಬ್ಬವನ್ನು ಚೀಲಕ್ಕೆ ಹಾಕಿದಳು. ಕೈಯಿಂದ ಉದುರಿದ ವಿಭೂತಿಯನ್ನು ಅದೇ ಕಾಲು ತುಳಿಯುತ್ತದಲ್ಲ ಎಂದು ಅವಳಿಗೆ ಹೊಳೆಯಲೇ ಇಲ್ಲ. ಮಡಿ ಮಾಡುವವರ ಲೆಕ್ಕವೇ ಹಾಗೆ, ಕಣ್ಣಿಗೆ ಕಂಡಷ್ಟೇ ಮೈಲಿಗೆ.

ಆಯ್ಕೆಯ ಭಾನುವಾರ ಸೆಕೆಯೋ ಸೆಕೆ. ತಗಡಿನ ಮಾಡಿನ ಕೆಳಗೆ ಮಕ್ಕಳ ಬೆವರು, ರಬ್ಬರ್ ಹಾಸು, ಹಳೇ ಕಾಲುಚೀಲ ಸೇರಿ ಹುಳಿ ಬಂದ ಹಿಟ್ಟಿನಂಥ ವಾಸನೆ. ರುದ್ರಾಣಿ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಬಾಗಿಲ ಬಳಿ ನಿಂತಳು. ಶಿವರಂಜನಿಯ ಸರದಿ ಬಂತು. ಎದೆಯೆತ್ತರದ, ಅಂಗೈಯಗಲದ ಬೀಮು ಎಂಬ ತೊಲೆಯ ಮೇಲೆ ನಡೆದು, ಕೈಯೂರಿ ಅಡ್ಡಲಾಗಿ ಚಕ್ರ ಹೊಡೆದು, ಅದರ ಮೇಲೇ ನಿಲ್ಲಬೇಕು. ಇಬ್ಬರಲ್ಲಿ ಒಬ್ಬಳು ಯಶೋಧರಾ ಎಂದು ಆಗಲೇ ಖಾತ್ರಿಯಾಗಿತ್ತು. ಉಳಿದದ್ದು ಒಂದೇ ಜಾಗ.

ಹುಡುಗಿ ಕೈಯೂರಿದಳು, ವಿಭೂತಿ ಅಷ್ಟಿಷ್ಟು ಹಿಡಿಯಿತು. ಕಾಲಿಟ್ಟಳು. ಬೆವರಿಗೆ ಪೌಡರು ಕಲಸಿಕೊಂಡು ಲೋಳೆಯಾಗಿತ್ತು, ಪಾದ ಸುಂಯ್ ಎಂದು ಜಾರಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೀಮು ತೊಡೆಗೆ ಬಡಿದು, ಮಗು ಧೊಪ್ಪೆಂದು ಹಾಸಿನ ಮೇಲೆ ಬಿತ್ತು.

ಕೋಚು ಓಡಿ ಬಂದು ಅವಳ ಪಾದ ಹಿಡಿದು ಮೂಸಿದರು. "ಪೌಡ್ರಾ? ಯಾರಮ್ಮ ಇದನ್ನ ಹಚ್ಚಿದ್ದು? ಎಣ್ಣೆ ಹಚ್ಕೊಂಡು ಹತ್ತಿದ್ರೂ ಒಂದೇ, ಇದನ್ನ ಹಚ್ಕೊಂಡು ಹತ್ತಿದ್ರೂ ಒಂದೇ!"

ರುದ್ರಾಣಿಯ ಬಾಯಿಯ ಏಲಕ್ಕಿ ಕಹಿಯಾಯಿತು. ಮಗಳು ತಾಯಿಯ ಕಡೆ ಬೆರಳು ತೋರಿಸಲಿಲ್ಲ, ತಲೆ ತಗ್ಗಿಸಿ ಕೂತಳು. ಪೆಟ್ಟಿಗಿಂತ ಹೆಚ್ಚಾಗಿ ಅವಮಾನಕ್ಕೆ ಕಣ್ಣು ತುಂಬಿತ್ತು. "ಎಲ್ರಿಗೂ ಎರಡು ಚಾನ್ಸು. ಇನ್ನೊಂದು ಇದೆ, ಬೇಗ ಒರೆಸ್ಕೊ" ಎಂದರು ಕೋಚು.

ಅಷ್ಟರಲ್ಲಿ ಯಶೋಧರಾ ಬಂದು ಕೂತೇಬಿಟ್ಟಳು. ಶಿವರಂಜನಿಯ ಪಾದವೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ತನ್ನ ಟೀ ಶರ್ಟಿನ ಅಂಚಿಗೆ ಥೂ ಎಂದು ಉಗಿದು, ಬೆರಳ ಸಂದಿಯ ಲೋಳೆಯನ್ನೆಲ್ಲ ಉಜ್ಜಿ ಉಜ್ಜಿ ತೆಗೆದಳು. ಪಾತ್ರೆ ತಳ ಹಿಡಿದರೆ ಉಜ್ಜುತ್ತಾರಲ್ಲ, ಅಷ್ಟೇ ನಿರಾಳವಾಗಿ. ಆಮೇಲೆ ಅವಳ ಕೈಯನ್ನೂ ಒರೆಸಿದಳು, ಅಂಗೈಗೆ ಬಾಯಿಂದ ಉಫ್ ಉಫ್ ಎಂದು ಗಾಳಿ ಊದಿದಳು.

ರುದ್ರಾಣಿ ಸೆರಗು ಬಾಯಿಗೊತ್ತಿಕೊಂಡಳು. ಕೂಗಬೇಕೆಂದುಕೊಂಡಳು, ಆಗಲಿಲ್ಲ. ಕೂಗಿದರೆ ಇದ್ದೊಂದು ಚಾನ್ಸೂ ಹೋದೀತು. ನೋಡುತ್ತಿದ್ದಂತೆಯೇ ಮಗಳು ಎದ್ದು ಆ ಟಬ್ಬಿನ ಬಳಿ ಹೋದಳು. ತಾಯಿಯ ಮುಖವನ್ನು ಒಮ್ಮೆ ನೋಡಿ, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿದಳು. ಕಾಲನ್ನೂ ಇಟ್ಟು ತುಳಿದಳು.

ಈ ಸಲ ಕೈ ಊರಿದ್ದು ಊರಿದಲ್ಲೇ ನಿಂತಿತು. ಕಾಲೆರಡೂ ಗಾಳಿಯಲ್ಲಿ ಸುತ್ತಿ ಬಂದು ಬೀಮಿಗೆ ಅಂಟಿಕೊಂಡವು. ಹುಡುಗಿ ಅಲ್ಲಾಡಿದಳು, ಅಲ್ಲಾಡಿ ನಿಂತಳು. ಮಕ್ಕಳೆಲ್ಲ ಹೋ ಎಂದರು.

"ಯಶೋಧರಾ, ಶಿವರಂಜನಿ. ಇಬ್ರೂ ಮೈಸೂರಿಗೆ" ಎಂದರು ಕೋಚು.

ರುದ್ರಾಣಿಯ ಎದೆ ತುಂಬಿ ಬಂತು. ಮಗಳು ಹಾಲಿನ ಉದ್ದಕ್ಕೂ ಓಡಿ ಬರುತ್ತಿದ್ದಳು, ಅಮ್ಮನ ಕೆನ್ನೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು. ಆ ಕೈಗಳು ಹತ್ತಿರ ಬಂದವು, ಬಿಳೀ ಕೆಸರು ಹತ್ತಿ, ಒದ್ದೆಯಾಗಿ, ಯಾರ ಯಾರದೋ ಕೂದಲು ಅಂಟಿಕೊಂಡು. ರುದ್ರಾಣಿಯ ಮೈ ತಾನಾಗಿಯೇ ಹಿಂದಕ್ಕೆ ಹೋಯಿತು. ಮುಖ ಸಿಂಡರಿಸಿತು. "ತಡಿ, ತಡಿ, ಮುಟ್ಟಬ್ಯಾಡ, ಮೊದ್ಲು ಕೈ ತೊಳ್ಕಂಡ್ ಬಾ!"

ಶಿವರಂಜನಿ ನಿಂತಲ್ಲೇ ನಿಂತಳು. ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ನಿಂಗೆ ಟಬ್ಬು ಅಸಹ್ಯ ಅಂತ ನಾನು ನಂಬ್ಕಂಡಿದ್ದೆ ಅಮ್ಮ" ಎಂದಳು ಮೆಲ್ಲಗೆ. "ಟಬ್ಬಲ್ಲ. ನಿಂಗೆ ನಾನೇ ಅಸಹ್ಯ."

"ಅಯ್ಯೋ ಶಿವನೇ, ಅಂಗಲ್ಲ ಕಣ್ ಮಗ..." ರುದ್ರಾಣಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳುವುದು ಹೇಗೆ?

ಕೋಚು ಇದಾವುದನ್ನೂ ಗಮನಿಸದೆ ಬಂದು, ಮೈಸೂರಿಗೆ ಹುಡುಗಿಯರ ಜೊತೆ ಒಬ್ಬರ ತಾಯಿ ಬರಬೇಕು, ಎರಡು ರಾತ್ರಿ ಅಲ್ಲೇ ಉಳಿಯಬೇಕು ಎಂದರು.

"ನಾನ್ ಬತ್ತೀನಿ ಸಾ" ಎಂದಳು ರುದ್ರಾಣಿ ತಟ್ಟನೆ.

"ಬ್ಯಾಡ ಸಾರ್" ಎಂದಳು ಶಿವರಂಜನಿ. "ಯಶು ಅವರಮ್ಮ ಬರ್ಲಿ."

ಯಶೋಧರಾಳ ತಾಯಿ ಮುಜುಗರದಿಂದ ಎದ್ದು ನಿಂತರು. "ನಿಮ್ ಮಗೀಗೆ ಸುಸ್ತಾಗದೆ ಕಣಕ್ಕ, ಏನೋ ಅಂದ್ಬುಡ್ತು, ಮನಸಿಗೆ ಆಕೊಬ್ಯಾಡಿ" ಎಂದರು. ರುದ್ರಾಣಿಗೆ ಆ ಸಮಾಧಾನದ ಮಾತೇ ಹೆಚ್ಚು ಚುಚ್ಚಿತು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೆ ಹೋಗುವ ಕೊಳೆಯಲ್ಲ ಇದು ಎಂದು ಅವಳಿಗೆ ಗೊತ್ತಾಯಿತು. ಅಸಹ್ಯ ಈಗ ತನ್ನ ಮೇಲೇ ತಿರುಗಿತ್ತು.

ಬಸ್ಸಿನ ಹೊತ್ತಾಗಿತ್ತು. ನರಸೀಪುರದ ಬಸ್ ಸ್ಟ್ಯಾಂಡಿನ ಎದುರಿನ ರಸ್ತೆಯಲ್ಲಿ ಕಬ್ಬಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ದಾಟುವ ಮೊದಲು ರುದ್ರಾಣಿ ನಿಂತು, ಉಸಿರು ಬಿಗಿಹಿಡಿದು, ಮಗಳತ್ತ ಕೈ ಚಾಚಿದಳು. "ಬಾ ಮಗ, ಕೈ ಕೊಡು."

ಶಿವರಂಜನಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಬಿಡಮ್ಮ" ಎಂದಳು. "ಒದ್ದೆ ಆಗವೆ."