ಬಿದ್ದದ್ದೋ, ಒಗೆದದ್ದೋ

ಚಂದಾಪುರದ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯಲ್ಲಿ ಮಹಾದೇವಿ ಸಂಜೆ ಹೊತ್ತು ಮಕ್ಕಳಿಗೆ ಜೂಡೋ ಕಲಿಸುತ್ತಿದ್ದಳು. ಹಗಲೆಲ್ಲ ಬೊಮ್ಮಸಂದ್ರದ ಕಂಪನಿಯೊಂದರಲ್ಲಿ ಮೋಟಾರುಗಳನ್ನು ಪರೀಕ್ಷಿಸಿ ಚೀಟಿ ಅಂಟಿಸುವ ಕೆಲಸ. ಬಾಗಲಕೋಟೆ ಕಡೆಯವಳು, ವಯಸ್ಸು ಇಪ್ಪತ್ತೇಳು. ಐವತ್ತೇಳು ಕೆ.ಜಿ. ವಿಭಾಗದಲ್ಲಿ ಎರಡು ಸಲ ರಾಜ್ಯಮಟ್ಟದ ಬೆಳ್ಳಿ ಗೆದ್ದಿದ್ದಳು. ಅವಳಿಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ ಹಣಮಂತನೂ ಜೂಡೋ ಆಡಿದವನೇ. ಈಗ ಅದೇ ಕಂಪನಿಯ ಲೋಡಿಂಗ್ ಕಡೆ ಇದ್ದ. ಅಕ್ಕ ತಮ್ಮ ಇಬ್ಬರೂ ಊರಿಗೆ ಹಳಬಳಾದ ನಾಗಲಕ್ಷ್ಮಮ್ಮನ ವಠಾರದಲ್ಲಿ ಬಾಡಿಗೆಗಿದ್ದರು.

೨೦೧೩ರ ಆಗಸ್ಟಿನಲ್ಲಿ ಒಂದು ಸಂಜೆ, ಟಿ.ವಿ. ಧಾರಾವಾಹಿಯ ನಿರ್ದೇಶಕ ಚಿರಂಜೀವಿ ಎಂಬುವನು ಚಪ್ಪಲಿ ಕಳಚದೆ ಮಹಡಿ ಹತ್ತಿ ಬಂದ. ಮಕ್ಕಳೆಲ್ಲ ಒಟ್ಟಿಗೆ "ಚಪ್ಪಲಿ!" ಎಂದು ಕೂಗಿದ ಮೇಲೆ ಕೆಳಗಿಳಿದು, ಕಳಚಿಟ್ಟು, ಮತ್ತೆ ಬಂದ.

"ಮೇಡಂ, ಜೂಡೋ ಹುಡುಗಿಯೊಬ್ಳ ಸೀರಿಯಲ್ ಮಾಡ್ತಿದೀವಿ. ನಮ್ ಹೀರೋಯಿನ್‌ಗೆ ಏನೂ ಬರಲ್ಲ. ನೀವು ಕಲಿಸ್ಬೇಕು. ಕಷ್ಟದ ಶಾಟ್‌ಗಳಲ್ಲಿ ಅವ್ರ ಬದಲು ನೀವೇ ಮಾಡ್ಬೇಕು. ನಿಮ್ ಮುಖ ಕಾಣ್ಸಲ್ಲ."

"ಎದುರಿಗೆ ಯಾರ ಇರ್ತಾರ್ರೀ ಸರ್?"

"ಫೈಟರ್ಸ್ ಇದ್ದಾರಲ್ಲ."

"ಬೀಳೂದು ಗೊತ್ತಿಲ್ಲದವ್ರನ್ನ ಒಗದ್ರ ಕುತ್ತಿಗಿ ಮುರೀತೈತ್ರಿ. ನನ್ನ ತಮ್ಮ ಅದಾನ. ಅವನ್ನ ತಗೊಳ್ರಿ."

ಹಾಗೆ ಇಬ್ಬರೂ ಶಿಫ್ಟು ಬದಲಿಸಿಕೊಂಡು ಜಿಗಣಿ ರಸ್ತೆಯ ಖಾಲಿ ಶೆಡ್ಡಿಗೆ ಹೋಗತೊಡಗಿದರು. ಹಿಂದೆ ಅಲ್ಲಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಯಾರಾಗುತ್ತಿತ್ತಂತೆ. ಈಗ ನಡುವೆ ನೀಲಿ ಮ್ಯಾಟು ಹಾಸಿ, ಸುತ್ತ ಬಾವುಟ ಕಟ್ಟಿ ಕ್ರೀಡಾಂಗಣ ಮಾಡಿದ್ದರು.

ಮೊದಲ ದಿನವೇ ಚಿರಂಜೀವಿ ಕಥೆ ಹೇಳಿದ. ನಾಯಕಿ ತುಂಗಾ ಬಡವರ ಮನೆಯ ಹುಡುಗಿ. ಅವಳ ಊರಿನ ಪಂದ್ಯಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇಲ್ಲ. ಕೋರ್ಟಿಗೆ ಹೋಗಿ ಗಂಡಸರ ವಿಭಾಗದಲ್ಲಿ ಆಡಲು ಅನುಮತಿ ತರುತ್ತಾಳೆ. ಒಬ್ಬೊಬ್ಬರನ್ನೇ ಎತ್ತಿ ಹಾಕುತ್ತ ಕೊನೆಗೆ ಹಳೆಯ ಚಾಂಪಿಯನ್ನನನ್ನು ಕೆಡವುತ್ತಾಳೆ.

ಮಹಾದೇವಿ ಕೊನೆಯವರೆಗೂ ಕೇಳಿ, ತಡೆದು ತಡೆದು ಹೇಳಿದಳು: "ಸರ್, ಹುಡುಗ್ಯಾರ ಸ್ಪರ್ಧಾ ಬ್ಯಾರೇನ ಇರ್ತೈತಲ್ರೀ. ಅದನ್ನ ಯಾಕ ತಗದ್ರಿ?"

"ಹುಡುಗಿ ಹುಡುಗೀರನ್ನೇ ಸೋಲಿಸಿದ್ರೆ ಅದ್ರಲ್ಲೇನಿದೆ ಮೇಡಂ? ಯಾರು ನೋಡ್ತಾರೆ?"

ಅವಳ ಎರಡೂ ಬೆಳ್ಳಿ ಹುಡುಗಿಯರನ್ನು ಸೋಲಿಸಿಯೇ ಬಂದದ್ದು. ಅದಕ್ಕಾಗಿ ಎಡಗೈ ಕಿರುಬೆರಳು ಇಂದಿಗೂ ನೆಟ್ಟಗಾಗದ ಹಾಗೆ ಮುರಿದುಕೊಂಡಿದ್ದಳು. ‘ಅದರಲ್ಲೇನಿದೆ’ ಎಂಬ ಮಾತು ಎದೆಯಲ್ಲಿ ಚುಚ್ಚಿತು. ಆ ಸಿಟ್ಟಿನಲ್ಲೇ, ತಾನು ಹೇಳಬೇಕೆಂದುಕೊಂಡದ್ದಕ್ಕಿಂತ ಜಾಸ್ತಿ ಹೇಳಿಬಿಟ್ಟಳು: "ಕಲಿತ ಗಂಡಸು ಎದುರಿಗಿದ್ರ, ತೂಕ ಒಂದ ಇದ್ರೂ ಹತ್ತರಾಗ ಒಂಬತ್ತು ಸಲ ಅವನ ಗೆಲ್ಲಾಂವ. ಅಂಗಿ ಹಿಡದ ಕೂಡ್ಲೇ ಗೊತ್ತಾಗ್ತೈತಿ. ಹೆಣ್ಣಿಗೆ ಅಷ್ಟು ಬಲ ಎಲ್ಲಿಂದ ಬರಬೇಕ್ರೀ?"

ಚಿರಂಜೀವಿ ಹುಬ್ಬೇರಿಸಿದ. "ಒಬ್ರು ಹೆಣ್ಣಾಗಿ ನೀವೇ ಹಿಂಗಂದ್ರೆ ಹೆಂಗೆ ಮೇಡಂ?" ಎಂದು, ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡ.

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ. ಹೇಳಿದ್ದು ಸುಳ್ಳಲ್ಲ. ಆದರೂ ಯಾರದೋ ಮೇಲೆ ಚಾಡಿ ಹೇಳಿ ಬಂದಂಥ ಕಸಿವಿಸಿ. ಯಾರ ಮೇಲೆ?

ಬೆಳಗಾವಿಯ ಕ್ರೀಡಾ ಹಾಸ್ಟೆಲಿನಲ್ಲಿ ಅವಳೂ ಹಣಮಂತನೂ ಒಂದೇ ಮ್ಯಾಟಿನ ಮೇಲೆ ಕಲಿತವರು. ಹದಿಮೂರರವರೆಗೆ ಅವಳು ದಿನಕ್ಕೆ ನಾಲ್ಕು ಸಲ ಅವನನ್ನು ಕೆಡವುತ್ತಿದ್ದಳು. ಅವನು ಮೂಗು ಒರೆಸಿಕೊಳ್ಳುತ್ತ ಎದ್ದು ಮತ್ತೆ ಬರುತ್ತಿದ್ದ. ಹದಿನಾಲ್ಕು ಮುಗಿದು ಹದಿನೈದಕ್ಕೆ ಬೀಳುವ ಹೊತ್ತಿಗೆ, ದಸರಾ ರಜೆಯಿಂದ ಬೇಸಿಗೆ ರಜೆಯೊಳಗೆ, ಏನೋ ಆಗಿಹೋಯಿತು. ಅದೇ ಹಣಮಂತ, ಅದೇ ಪಟ್ಟು, ಆದರೆ ಅವನ ತೋಳು ಹಿಡಿದರೆ ಬೇರೆ ಯಾರದೋ ತೋಳು ಹಿಡಿದ ಹಾಗೆ. ಒಂದು ದಿನ ಅವನು ಅವಳನ್ನು ಎತ್ತಿ ಒಗೆದು, ತಾನೇ ಹೆದರಿ, "ಅಕ್ಕಾ, ಬಡೀತೇನು?" ಎಂದು ಕೇಳಿದ್ದ. ಮರುವಾರ ಕೋಚ್ ಮುದಕಪ್ಪ ಇಬ್ಬರ ಮ್ಯಾಟು ಬೇರೆ ಮಾಡಿದರು. ಯಾಕೆಂದು ಅಳುತ್ತ ಕೇಳಿದ್ದಕ್ಕೆ, "ನೀ ಕಡಿಮಿ ಆಗಿಲ್ಲವ್ವಾ. ಅಂವ ಹೆಚ್ಚೂ ಆಗಿಲ್ಲ. ವಯಸ್ಸು ಹಂಗ," ಎಂದಿದ್ದರು. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ ಎಂದಮೇಲೆ ಬೇರೆ ಮಾಡಿದ್ದೇಕೆ ಎಂದು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಅಂದಿನಿಂದ ಅವರಿಬ್ಬರೂ ನಿಜಕ್ಕೂ ಸೆಣಸಿದ್ದೇ ಇಲ್ಲ.

ನಾಯಕಿಯ ಪಾತ್ರದ ದಿವ್ಯಾ ಒಳ್ಳೆಯ ಹುಡುಗಿ. ಮೈಯೆಲ್ಲ ಕಂದಿದರೂ ತಪ್ಪದೆ ಬರುತ್ತಿದ್ದಳು. ಆದರೆ ಅವಳದೊಂದು ಗೋಳು. ಪ್ರತಿ ವಾರ ಕಥೆ ಬದಲಾಗುತ್ತಿತ್ತು. ತುಂಗಾ ಗೆಲ್ಲುವುದು ಚುರುಕಿನಿಂದ ಎಂದು ಮೊದಲು ಬರೆದರು. ಅದು ಸಾಲದು ಎಂದರು ಚಾನೆಲಿನವರು. ಆಮೇಲೆ ಸತ್ತ ತಾಯಿಯ ಆಣೆಯಿಂದ ಗೆದ್ದಳು. ಇನ್ನೊಂದು ವಾರ ಎದುರಾಳಿ ಕುಡಿದು ಬಂದಿದ್ದ.

"ಅಕ್ಕ, ಈ ವಾರ ನಾನು ಯಾತಕ್ಕೆ ಗೆಲ್ತಿದೀನಿ, ನಿಮಗೇನಾದ್ರೂ ಗೊತ್ತಾ?" ಎಂದು ದಿವ್ಯಾ ಮಂಡಿಗೆ ಐಸ್ ಒತ್ತಿಕೊಳ್ಳುತ್ತ ಕೇಳಿದಳು. "ಗೊತ್ತಿದ್ರೆ ಮುಖದಲ್ಲಿ ಅದನ್ನ ತರಬಹುದು."

"ನೀವು ಸೊಂಟ ಇನ್ನಷ್ಟು ಕೆಳಗ ತರ್ರಿ," ಎಂದಳು ಮಹಾದೇವಿ.

ಧಾರಾವಾಹಿ ಸಂಜೆ ಏಳೂವರೆಗೆ ಬರುತ್ತಿತ್ತು. ಕ್ಲಾಸು ಮುಗಿಸಿ ಬಂದವಳನ್ನು ನಾಗಲಕ್ಷ್ಮಮ್ಮ ಕೈಹಿಡಿದು ಒಳಗೆ ಕೂರಿಸಿಕೊಳ್ಳುತ್ತಿದ್ದಳು. ಅವಳ ಲೆಕ್ಕದಲ್ಲಿ ಅದು ‘ಕುಸ್ತಿ ಸೀರಿಯಲ್ಲು’. ಒಂದು ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದರು. ಪರದೆಯ ಮೇಲೆ ಖಳನಾಯಕ, ಪಂದ್ಯಾವಳಿಯ ಅಧ್ಯಕ್ಷ, ಮೀಸೆ ತಿರುವುತ್ತ ತುಂಗಾಳ ಮುಂದೆ ನಿಂತು ಹೇಳಿದ: "ತೂಕ ಒಂದೇ ಇದ್ದರೂ ಹತ್ತರಲ್ಲಿ ಒಂಬತ್ತು ಸಲ ಗಂಡಸೇ ಗೆಲ್ಲೋದು. ಹೆಣ್ಣಿಗೆ ಅಷ್ಟು ಬಲ ಎಲ್ಲಿಂದ ಬರಬೇಕು?"

ಮಹಾದೇವಿಯ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು.

"ಅವ್ನ ಬಾಯ್ಗೆ ಮಣ್ಣಾಕ!" ನಾಗಲಕ್ಷ್ಮಮ್ಮ ಸಿಪ್ಪೆಯನ್ನು ಟಿ.ವಿ.ಯತ್ತ ಎಸೆದಳು. "ನಾಲ್ಗೆ ಸೀಳ್ಬೇಕು ಇಂಥೋರ್ದು. ಅಲ್ವಾ ಮಾದೇವಿ?"

"ಹೌದ್ರೀ ಅಮ್ಮಾರ," ಎಂದಳು ಮಹಾದೇವಿ.

"ಎಲ್ಲಿಂದ ಬರ್ತೈತಂತೆ! ನಾನು ಮೂವತ್ತು ವರ್ಸ ರಾಗಿ ಮೂಟೆ ಒತ್ತಿಲ್ವ? ನಮ್ಮೆಜಮಾನ್ರಿಗೆ ಬೆನ್ನು ನೋವು ಅಂತ ಅವ್ರ ಮೂಟೇನೂ ನಾನೇ ಒತ್ತಿದ್ದು."

ಮರುದಿನ ಮಹಾದೇವಿ ಚಿರಂಜೀವಿಯ ಮುಂದೆ ನಿಂತಳು. "ಸರ್, ಅದು ನನ್ನ ಮಾತ್ರೀ. ಕೆಟ್ಟವನ ಬಾಯಾಗ ಯಾಕ ಇಟ್ರಿ?"

"ಸೂಪರ್ ಆಗಿ ವರ್ಕ್ ಆಯ್ತು ಮೇಡಂ! ಎಲ್ರಿಗೂ ಅವನ ಮೇಲೆ ಕೋಪ ಬಂತು."

"ಆದ್ರ ಅದು ಖರೇ ಐತಲ್ರೀ."

"ಖರೇ ಇದ್ರೆ ಇನ್ನೂ ಕೋಪ ಬರುತ್ತೆ ಬಿಡಿ," ಎಂದು ಅವನು ನಕ್ಕು ಕ್ಯಾಮೆರಾದ ಕಡೆ ಹೋದ.

ಅವಳು ಅಲ್ಲೇ ನಿಂತಳು. ಮಾತು ನಿಜವಾದರೆ ನಾಗಲಕ್ಷ್ಮಮ್ಮನ ಸಿಟ್ಟು ಸುಳ್ಳೇ? ಆ ಸಿಟ್ಟೂ ನಿಜವೆಂದೇ ಅವಳಿಗೆ ತೋರಿತು. ಎರಡೂ ನಿಜವಾದರೆ ತಾನು ಯಾವ ಕಡೆ ನಿಲ್ಲಬೇಕು?

ಕೊನೆಯ ಪಂದ್ಯದ ಚಿತ್ರೀಕರಣ ಬಂತು. ಚಾಂಪಿಯನ್ನನ ಬದಲಿಗೆ ಹಣಮಂತ, ತುಂಗಾಳ ಬದಲಿಗೆ ಮಹಾದೇವಿ. ಹದಿನೈದು ದಿನ ಅದೇ ಪಟ್ಟನ್ನು ಅಭ್ಯಾಸ ಮಾಡಿದ್ದರು: ಅವಳು ಒಳಗೆ ನುಗ್ಗಿ, ಬೆನ್ನು ತಿರುಗಿಸಿ, ಅವನನ್ನು ಸೊಂಟದ ಮೇಲಿಂದ ಒಗೆಯುವುದು. ಆದರೆ ಆ ದಿನ ಚಿರಂಜೀವಿಗೆ ಒಂದೂ ಹಿಡಿಸಲಿಲ್ಲ. ಒಂಬತ್ತನೆಯ ಸಲವೂ "ಕಟ್" ಎಂದ.

"ಹಣಮಂತ, ನೀವು ಬೀಳೋದು ಮುಂಚೇನೇ ಗೊತ್ತಾಗ್ತಿದೆ ಗುರು. ಒಂದ್ ಕೆಲ್ಸ ಮಾಡೋಣ. ಒಂದು ಟೇಕ್ ನಿಜವಾಗ್ಲೇ ಆಡಿ. ಯಾರು ಬಿದ್ರೂ ಪರ್ವಾಗಿಲ್ಲ, ಎಡಿಟಿಂಗಲ್ಲಿ ನೋಡ್ಕೋತೀನಿ."

ಹಣಮಂತ ಅಕ್ಕನ ಮುಖ ನೋಡಿದ. "ಬ್ಯಾಡಕ್ಕಾ," ಎಂದ ಮೆಲ್ಲಗೆ. "ನಾ ಒಂಬತ್ತು ಕೆ.ಜಿ. ಹೆಚ್ಚದೀನಿ."

"ಆಡೂಣು," ಎಂದಳು ಅವಳು. "ಆದ್ರ ಬಿಟ್ಟುಕೊಡಬ್ಯಾಡ. ನನ್ನ ಆಣಿ."

ಹನ್ನೆರಡು ವರ್ಷಗಳ ಮೇಲೆ ಅವನು ಅವಳ ಕೊರಳಪಟ್ಟಿಯನ್ನು ನಿಜವಾಗಿ ಹಿಡಿದ. ಅದೇ ಬೇರೆ ಯಾರದೋ ತೋಳು. ಅವಳು ಎಳೆದರೆ ಅವನು ಕದಲುತ್ತಿರಲಿಲ್ಲ, ಅವನು ಎಳೆದರೆ ಅವಳು ಎರಡು ಹೆಜ್ಜೆ ಜಾರುತ್ತಿದ್ದಳು. ಒಂದು ಸಲ ಮಂಡಿಯೂರಿ ಹೇಗೋ ಎದ್ದಳು. ಇನ್ನು ಆಗದು ಎನ್ನಿಸುವಷ್ಟರಲ್ಲಿ ಅವನ ಬಲಗಾಲು ಮುಂದೆ ಬಂತು. ಅವಳು ಯೋಚಿಸಲಿಲ್ಲ. ಒಳಗೆ ನುಗ್ಗಿ ತಿರುಗಿದಳು. ಅವನ ಅರವತ್ತಾರು ಕೆ.ಜಿ. ಅವಳ ಬೆನ್ನ ಮೇಲೆ ಹತ್ತಿಯ ಹಾಗೆ ಹಾಯ್ದು ಮ್ಯಾಟಿನ ಮೇಲೆ ದೊಪ್ಪನೆ ಬಿತ್ತು.

ಇಡೀ ಶೆಡ್ಡು ಚಪ್ಪಾಳೆ ಹೊಡೆಯಿತು. ದಿವ್ಯಾ ಓಡಿಬಂದು ತಬ್ಬಿಕೊಂಡು ಅತ್ತಳು. ಚಿರಂಜೀವಿ, "ನೋಡಿದ್ರಾ ಮೇಡಂ? ನಾನ್ ಹೇಳ್ಲಿಲ್ವಾ?" ಎಂದು ಕುಣಿದ.

ಮಹಾದೇವಿಗೆ ಮಾತ್ರ ಅನುಮಾನ. ಅಷ್ಟು ಹಗುರವಾಗಿ ಬಂದನಲ್ಲ! ಅವಳು ಹಣಮಂತನನ್ನು ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಹಿಡಿದಳು.

"ಖರೇ ಹೇಳು. ಬಿದ್ಯೋ, ನಾ ಒಗದ್ನೋ?"

"ನೀನ ಒಗದಿ ಅಕ್ಕಾ."

"ನನ್ನ ಆಣಿ ಹಾಕೀನಿ."

ಅವನು ಮುಖಕ್ಕೆ ನೀರು ಹಾಕಿಕೊಂಡ, ಮತ್ತೆ ಹಾಕಿಕೊಂಡ. "ನಾ ಬಿಟ್ಟಿಲ್ಲ. ಬಿಡಬಾರ್ದು ಅಂತ ಇದ್ನಿ. ಆದ್ರ ಹದಿನೈದು ದಿನದಿಂದ ನೀ ತಿರುಗಿದ ಕೂಡ್ಲೇ ಬೀಳೂದು ರೂಢಿ ಆಗೇತಿ. ಈಗ ಮೈ ತಾನ ಬಿತ್ತೋ, ನೀ ಒಗದ್ಯೋ... ನನಗ ಗೊತ್ತಾಗವಲ್ದು. ಸಿಟ್ಟಾಗಬ್ಯಾಡ."

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಬೆಳಿಗ್ಗೆ ಇಬ್ಬರೇ ಹಾರ್ಡ್‌ವೇರ್ ಅಂಗಡಿಯ ಮಹಡಿಗೆ ಹೋದರು. ಏಳು ಸಲ ಆಡುವುದೆಂದು ಮಾತು. ಹಣಮಂತ ಮೊದಲ ಮೂರು ಸಲ ಅವಳನ್ನು ಕೆಡವಿದ. ನಾಲ್ಕನೆಯದರಲ್ಲಿ ಯಾರೂ ಬೀಳಲಿಲ್ಲ. ಐದನೆಯದನ್ನು ಅವಳು ಗೆದ್ದಳು. ಸೊಂಟದ ಪಟ್ಟಲ್ಲ, ಕಾಲು ಬಾಚುವ ಸಣ್ಣ ಪಟ್ಟು, ಅವನು ಅದನ್ನು ನಿರೀಕ್ಷಿಸಿಯೇ ಇರಲಿಲ್ಲ. ಉಳಿದೆರಡೂ ಅವನವೇ. ಕೊನೆಗೆ ಇಬ್ಬರೂ ಗೋಡೆಗೊರಗಿ ಕುಳಿತರು. ಅವಳ ಮೊಣಕೈ ತರಚಿತ್ತು.

"ಒಂದು ಗೆದ್ದೆ," ಎಂದಳು.

"ಅದು ಖರೇನ," ಎಂದ ಅವನು. "ಅದಕ್ಕ ಆಣಿ ಮಾಡ್ತೀನಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂದಂತಾಯಿತು. ಏಳರಲ್ಲಿ ಒಂದು. ತಾನು ಹೇಳಿದ ಲೆಕ್ಕ ಹೆಚ್ಚುಕಡಿಮೆ ಸರಿಯೇ. ಸರಿಯಾಗಿದ್ದಕ್ಕೆ ಸಂತೋಷಪಡಬೇಕೋ, ಆ ಒಂದಕ್ಕೆ ಸಂತೋಷಪಡಬೇಕೋ ತಿಳಿಯಲಿಲ್ಲ. ಜೊತೆಗೆ ಇನ್ನೊಂದು ಅನುಮಾನ: ಹದಿಮೂರನೆಯ ವಯಸ್ಸಿನಲ್ಲಿ ದಿನಕ್ಕೆ ನಾಲ್ಕು ಸಲ ಬೀಳುತ್ತಿದ್ದನಲ್ಲ, ಆಗಲೂ ರೂಢಿಯಿಂದ ಬೀಳುತ್ತಿದ್ದನೇ? ಕೇಳೋಣವೆಂದು ಅವನ ಕಡೆ ತಿರುಗಿದಳು. ಅವನು ಕಣ್ಣು ಮುಚ್ಚಿ ಉಸಿರು ಬಿಡುತ್ತಿದ್ದ. ಕೇಳಲಿಲ್ಲ.

ಕೊನೆಯ ಪಂದ್ಯ ಪ್ರಸಾರವಾದ ಸಂಜೆ ನಾಗಲಕ್ಷ್ಮಮ್ಮನ ಪಡಸಾಲೆಯಲ್ಲಿ ಇಡೀ ವಠಾರ ಸೇರಿತ್ತು. ಆ ಒಗೆತವನ್ನೇ ಮೂರು ಸಲ, ನಿಧಾನಗತಿಯಲ್ಲಿ, ನಡುವೆ ದಿವ್ಯಾಳ ಮುಖ ಸೇರಿಸಿ ತೋರಿಸಿದರು. ನಾಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಹಾದೇವಿ ಹಣಮಂತನ ಕಾಲನ್ನೇ ನೋಡುತ್ತಿದ್ದಳು. ಅವಳು ಎಳೆಯುವ ಮುಂಚೆಯೇ ಅದು ನೆಲ ಬಿಟ್ಟಿತೆಂದು ಮೊದಲ ಸಲ ಅನ್ನಿಸಿತು. ಎರಡನೆಯ ಸಲ, ಇಲ್ಲ, ಎಳೆದ ಮೇಲೆಯೇ. ಮೂರನೆಯ ಸಲ ಕಾಲೇ ಕಾಣಲಿಲ್ಲ, ಬರೀ ದಿವ್ಯಾಳ ಕಣ್ಣು.

ಮುಂದಿನ ವಾರ ಕ್ಲಾಸಿಗೆ ಹೊಸದಾಗಿ ಹನ್ನೊಂದು ಹುಡುಗಿಯರು ಬಂದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಆನೇಕಲ್ ಕಡೆಯಿಂದ ಬಂದ ಈಶ್ವರಮ್ಮ ಎಂಬ ತಾಯಿ, ಹತ್ತು ವರ್ಷದ ಮಗಳನ್ನು ಮುಂದೆ ತಳ್ಳಿ ಕೇಳಿದಳು: "ಅಕ್ಕ, ಇವ್ಳೂ ಟಿ.ವಿ.ಯಾಗೆ ಬರೋ ಉಡುಗಿ ಅಂಗೆ ಗಂಡುಡುಗ್ರನ್ನ ಎತ್ತಾಕ್ತಾಳಾ?"

"ಈಗ ಹಾಕ್ತಾಳ್ರಿ," ಎಂದಳು ಮಹಾದೇವಿ. "ಮೂರು ನಾಕು ವರ್ಷ ಹಾಕ್ತಾಳ. ಆಮ್ಯಾಲ..."

"ಆಮೇಲೆ?"

ತಾಯಿ, ಮಗಳು ಇಬ್ಬರೂ ಕಾಯುತ್ತಿದ್ದರು. ಮುದಕಪ್ಪ ಕೋಚ್ ಹೇಳಿದ ಮಾತು ನಾಲಿಗೆಯವರೆಗೆ ಬಂತು. ಅದು ತನಗೇ ಅರ್ಥವಾಗದ ಮಾತು ಎಂದು ನುಂಗಿಕೊಂಡಳು. ಆ ಖಳನಾಯಕನ ಮಾತೂ ನೆನಪಾಯಿತು. ಅದು ಬೇಡವೇ ಬೇಡ ಎನ್ನಿಸಿತು.

"ಆಮ್ಯಾಲ ಕೆಲವ್ರನ್ನ ಹಾಕ್ತಾಳ, ಕೆಲವ್ರನ್ನ ಹಾಕಂಗಿಲ್ರಿ. ಯಾಕ ಅಂತ ನನಗೂ ಪೂರಾ ಹೇಳಾಕ ಬರಂಗಿಲ್ಲ. ಆದ್ರ ಹುಡುಗ್ಯಾರ ಜೋಡಿ ಆಡೂದು ಭಾಳ ಕಷ್ಟ ಐತ್ರಿ. ಅದು ಸಣ್ಣ ಆಟ ಅಲ್ಲ."

ಈಶ್ವರಮ್ಮ ತಲೆಯಾಡಿಸಿದಳು. ಒಪ್ಪಿದಳೋ, ಅರ್ಥವಾಗದೆ ಆಡಿಸಿದಳೋ ಹೇಳುವಂತಿರಲಿಲ್ಲ. ಹುಡುಗಿ ಅಷ್ಟರಲ್ಲಿ ಮ್ಯಾಟಿನ ಅಂಚನ್ನು ಕಾಲ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಮಹಾದೇವಿ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಅಲುಗಾಡಬ್ಯಾಡ," ಎಂದು ಮುಳ್ಳು ನಿಲ್ಲುವುದನ್ನು ಕಾದಳು.